ಹಾಡುವವರಿಗೆ ಪಗಾರ ಯಾರು ಕೊಡುತ್ತಿದ್ದರು?

ಹುಬ್ಬಳ್ಳಿ-ಧಾರವಾಡದ ಹಾಡುಗಾರರಿಗೆ ಈಗ ಕೇಳುಗರ ಬರ ಇಲ್ಲ. ರಾತ್ರಿ ಯೂಟ್ಯೂಬಿಗೆ ಹಾಕಿದ ಭಜನಾ ಪದ ಬೆಳಗಾಗುವುದರೊಳಗೆ ಕಲಬುರಗಿ ಮುಟ್ಟಿರುತ್ತದೆ. ಬರ ಇರುವುದು ತಿಂಗಳ ಖರ್ಚಿಗೆ. ಇಂಟರ್ನೆಟ್ ಬಂದು ಹೀಗಾಯಿತು ಅನ್ನುವವರೇ ಜಾಸ್ತಿ. ನಮ್ಮ ಸೀಮೆಯ ಸಂಗೀತದ ಕಥೆ ನೋಡಿದರೆ ನನಗೆ ಹಾಗನ್ನಿಸುವುದಿಲ್ಲ. ಯಂತ್ರ ಇಲ್ಲಿ ಮೊದಲಿನಿಂದಲೂ ಹೆಸರು ಕೊಟ್ಟಿದೆ, ಅನ್ನ ಬೇರೆ ಕಡೆಯಿಂದ ಬಂದಿದೆ.

ಗದಗಿನ ಹುಡುಗ ಭೀಮಸೇನ ಜೋಶಿಗೆ ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು ಕೇಳಿ ಸಂಗೀತದ ಹುಚ್ಚು ಹತ್ತಿತು. ಆ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಸುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ಗಂಟೆಗಟ್ಟಲೆ ಹಾಡುವವರು ಅಷ್ಟರಲ್ಲೇ ರಾಗ ಮುಗಿಸಬೇಕಿತ್ತು. ಪ್ಲೇಟಿನ ಕಂಪನಿಯವರು ಹಾಡುವವರಿಗೆ ಒಂದೇ ಸಲ ಹಣ ಕೊಟ್ಟು ಲೆಕ್ಕ ಮುಗಿಸುವುದೇ ಹೆಚ್ಚಾಗಿ ನಡೆದ ರೂಢಿ. ಹಾಡುವವರಿಗೂ ತಮ್ಮ ಹಾಡಿಕೆಯ ಮೇಲೆ ಹಕ್ಕಿದೆ ಎಂದು ನಮ್ಮ ಕಾಪಿರೈಟ್ ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ.

ಅನ್ನ ಕೊಟ್ಟಿದ್ದು ನಾಟಕ ಕಂಪನಿ. ಕುಂದಗೋಳದ ಗಾಯಕ ಸವಾಯಿ ಗಂಧರ್ವರು ರಂಗದ ಮೇಲೆ ಹೆಣ್ಣು ಪಾತ್ರ ಮಾಡಿದವರು. ಮಲ್ಲಿಕಾರ್ಜುನ ಮನಸೂರರು ಎಳೆ ವಯಸ್ಸಿನಲ್ಲೇ ಕಂಪನಿ ಸೇರಿದವರು. ಗದಗಿನ ವೀರೇಶ್ವರ ಪುಣ್ಯಾಶ್ರಮದ್ದಂತೂ ದೊಡ್ಡ ಕಥೆ. ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಆಶ್ರಮದ ಒಲೆ ಆರಬಾರದೆಂದು ನಾಟಕ ಕಂಪನಿಯನ್ನೇ ಕಟ್ಟಿ ಊರೂರು ತಿರುಗಿದರು. ಭಕ್ತರು ಮಾಡಿದ ತುಲಾಭಾರದ ಹಣವೂ ಅಲ್ಲಿನ ದಾಸೋಹಕ್ಕೇ ಹೋಯಿತು. ಕಲಿಯುವ ಮಕ್ಕಳು ಊಟದ ಚಿಂತೆ ಮಾಡಬಾರದು ಎಂಬ ಹಟ ಅವರದು. ಇಷ್ಟು ಗಟ್ಟಿಯಾದ ವ್ಯವಸ್ಥೆಯನ್ನು ಆಮೇಲೆ ಎಷ್ಟು ಜನ ಕಟ್ಟಿದ್ದಾರೆ?

1950ರ ಜನವರಿಯಲ್ಲಿ ಧಾರವಾಡ ಆಕಾಶವಾಣಿ ಶುರುವಾಯಿತು. ಹಾಡುವವರಿಗೆ, ತಬಲಾ ಬಾರಿಸುವವರಿಗೆ ತಿಂಗಳ ಪಗಾರದ ಕೆಲಸ ಸಿಕ್ಕಿತು. ನೌಕರಿ ಇಲ್ಲದವರಿಗೂ ಆಡಿಷನ್ ಪಾಸಾದರೆ ಬಿ, ಬಿ-ಹೈ, ಎ, ಟಾಪ್ ಅಂತ ಗ್ರೇಡು. ಗ್ರೇಡು ಸಿಕ್ಕರೆ ಕಛೇರಿಗೆ ಕರೆ ಬರುತ್ತಿತ್ತು, ಮನೆಪಾಠಕ್ಕೆ ಮಕ್ಕಳೂ ಬರುತ್ತಿದ್ದರು. ಇಂಥ ಪಗಾರದ ಜಾಗವನ್ನು ಈಗಿನ ಯಾವ ಆ್ಯಪ್ ಕೂಡ ತುಂಬಿಲ್ಲ.

ಆ್ಯಪ್‌ಗಳ ಲೆಕ್ಕ ನೋಡಿ. ಚಂದಾ ಮತ್ತು ಜಾಹೀರಾತಿನ ಹಣ ಒಂದೇ ಗಂಟಿಗೆ ಬೀಳುತ್ತದೆ. ಯಾರ ಹಾಡು ಎಷ್ಟು ಸಲ ಓಡಿತೋ ಅದರ ಮೇಲೆ ಪಾಲು. ಸ್ಪಾಟಿಫೈನಲ್ಲಿ 30 ಸೆಕೆಂಡ್ ಕೇಳಿದರೆ ಒಂದು ಸಲ ಎಂದು ಲೆಕ್ಕ. ಮೂರು ನಿಮಿಷದ ಹಾಡೂ ಒಂದೇ, ನಲವತ್ತು ನಿಮಿಷದ ಹಿಂದೂಸ್ತಾನಿ ಖಯಾಲೂ ಒಂದೇ. ಅಬ್ದುಲ್ ಕರೀಂ ಖಾನರ ಪರಂಪರೆಯಾದ ಕಿರಾಣಾ ಘರಾಣೆಯ ವಿಲಂಬಿತದಲ್ಲಿ, ಅಂದರೆ ನಿಧಾನ ಲಯದ ಹಾಡಿಕೆಯಲ್ಲಿ, 30 ಸೆಕೆಂಡಿಗೆ ಮೊದಲ ಸ್ವರ ಷಡ್ಜವೇ ನೆಲೆ ನಿಂತಿರುವುದಿಲ್ಲ, ಅಲ್ವಾ? ಹಳೇ ಪ್ಲೇಟಿನ ಒತ್ತಡ ಬೇರೆ ರೂಪದಲ್ಲಿ ಮರಳಿ ಬಂದಿದೆ. ಯೂಟ್ಯೂಬ್ ನೋಡಿದ ಹೊತ್ತನ್ನೂ ಎಣಿಸುತ್ತದೆ. ಆದರೆ ಜಾಹೀರಾತಿನ ಪಾಲು ಬೇಕೆಂದರೆ ಸಾಮಾನ್ಯವಾಗಿ 1,000 ಚಂದಾದಾರರು ಮತ್ತು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಿರಬೇಕು.

ಜಾನಪದ ಹಾಡುವವರಿಗೆ ಇನ್ನೊಂದು ತೊಡಕಿದೆ. ಹಾವೇರಿ ಜಿಲ್ಲೆಯ ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಎಲ್ಲರದ್ದು. ಆದರೆ ಕ್ಯಾಸೆಟ್ ಕಾಲದಲ್ಲಿ ಹೊಸದಾಗಿ ಹಾಕಿದ ಧಾಟಿಗೆ ಒಡೆಯರಿರುತ್ತಾರೆ. ಆ ಧಾಟಿಯಲ್ಲಿ ಹಾಡಿ ಹಾಕಿದರೆ ಜಾಹೀರಾತಿನ ಹಣ ಅವರ ಪಾಲಾಗಬಹುದು. ಗುರುವಿನ ಬಾಯಿಂದ ಕಲಿತ ಹಳೇ ಧಾಟಿಯಲ್ಲೇ ಹಾಡುವುದು ಸುರಕ್ಷಿತ, ನನ್ನ ಕಿವಿಗೆ ಅದೇ ಚೆಂದ ಕೂಡ.

ಕಾಪಿರೈಟ್ ಕಾಯ್ದೆಯ 2012ರ ತಿದ್ದುಪಡಿ ಹಾಡು ಬರೆದವರ, ರಾಗ ಹಾಕಿದವರ, ಹಾಡಿದವರ ರಾಯಲ್ಟಿ ಹಕ್ಕನ್ನು ಗಟ್ಟಿ ಮಾಡಿದೆ. ಬರೆದವರು ಮತ್ತು ರಾಗ ಹಾಕಿದವರು ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆಯಾದ ಐಪಿಆರ್‌ಎಸ್ ಸದಸ್ಯರಾಗಿ ತಮ್ಮ ಹಾಡುಗಳನ್ನು ಅಲ್ಲಿ ನೋಂದಾಯಿಸಬೇಕು. ಜಾತ್ರೆಯಿಂದ ಜಾತ್ರೆಗೆ ಓಡುವ ಮೇಳದವರಿಗೆ ಈ ಕಾಗದದ ಕೆಲಸ ಯಾರು ಮಾಡಿಕೊಡಬೇಕು? ಶಿಗ್ಗಾವಿ ತಾಲ್ಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವೇ ಇದೆ. ಹಾಡುಗಾರರನ್ನು ಕೂರಿಸಿ ಅರ್ಜಿ ತುಂಬಿಸಿಕೊಡುವ ಒಂದು ಮೇಜನ್ನು ಅಲ್ಲಿ ಹಾಕಬಹುದು.