ಕೊನೆಯ ಕಿಕ್‌ಗೂ ಮುಂಚೆಯೇ ಸೋತಿದ್ದ ಮಿಶಿಗನ್

2007ರ ಸೆಪ್ಟೆಂಬರ್ 1ರಂದು ನಡೆದ ಅಮೆರಿಕದ ಕಾಲೇಜು ಫುಟ್‌ಬಾಲ್ ಪಂದ್ಯದ ಬಗ್ಗೆ ಯಾರನ್ನೇ ಕೇಳಿ, ಎಲ್ಲರೂ ಹೇಳುವುದು ಕೊನೆಯ ಆರು ಸೆಕೆಂಡಿನ ಕಥೆಯನ್ನೇ. ತನ್ನದೇ ಊರು ಆನ್ ಆರ್ಬರ್‌ನಲ್ಲಿ, ಸೀಸನ್‌ನ ಮೊದಲ ಪಂದ್ಯದಲ್ಲಿ, ಮಿಶಿಗನ್ ವಿಶ್ವವಿದ್ಯಾಲಯದ ತಂಡ 34-32ರಿಂದ ಹಿಂದಿದೆ. 37 ಯಾರ್ಡ್ ದೂರದ ಫೀಲ್ಡ್ ಗೋಲ್ ಒದ್ದರೆ ಗೆಲುವು. ಅಪಲೇಚಿಯನ್ ಸ್ಟೇಟ್‌ನ ಕೋರಿ ಲಿಂಚ್ ಸಾಲಿನೊಳಗೆ ನುಗ್ಗಿ ಆ ಕಿಕ್ಕನ್ನು ತಡೆದ, ಅದೇ ಚೆಂಡನ್ನು ಎತ್ತಿಕೊಂಡು ಓಡಿದ. ಒಂದು ಲಕ್ಷಕ್ಕೂ ಹೆಚ್ಚು ಜನ ತುಂಬಿದ್ದ ಸ್ಟೇಡಿಯಂ ಸ್ತಬ್ಧವಾಯಿತು.

ಮಿಶಿಗನ್ ರಾಜ್ಯದ ಶಾಲಾ ತಂಡಗಳಿಗೆ ಪಂದ್ಯದ ವಿಡಿಯೊಗಳನ್ನು ಬಿಡಿಸಿ ನೋಡಿ ಹೇಳುವುದು ನನ್ನ ಕೆಲಸ. ಜೊತೆಗೆ ನಾನು ಮಿಶಿಗನ್ ಅಭಿಮಾನಿ. ಪ್ರತಿ ವರ್ಷ ಸೀಸನ್ ಶುರುವಾಗುವಾಗ ಹುಡುಗರಿಗೆ ಈ ಪಂದ್ಯವನ್ನು ತೋರಿಸುತ್ತೇನೆ. ಆದರೆ ಆ ಕಿಕ್ ತೋರಿಸೋದು ಕಟ್ಟಕಡೆಗೆ. ಮೊದಲ ಪಂದ್ಯದ ಸೋಲನ್ನು ಹೇಗೆ ಓದಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಸಿಕ್ಕಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಇದು ಅಮೆರಿಕನ್ ಫುಟ್‌ಬಾಲ್. ತಂಡಕ್ಕೆ 11 ಜನ. ನಾಲ್ಕು ಯತ್ನದೊಳಗೆ ಚೆಂಡನ್ನು 10 ಯಾರ್ಡ್ ಮುಂದೆ ಒಯ್ಯಬೇಕು, ಒಯ್ದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಗೆರೆ ದಾಟಿಸಿದರೆ ಟಚ್‌ಡೌನ್, 6 ಅಂಕ. ಅದರ ಮೇಲೆ ಒದ್ದು 1 ಅಂಕ ತಗೋಬಹುದು, ಇಲ್ಲವೇ ಇನ್ನೊಂದು ಯತ್ನ ಮಾಡಿ 2 ಅಂಕಕ್ಕೆ ಕೈ ಹಾಕಬಹುದು. ಕಂಬಗಳ ನಡುವೆ ಒದ್ದರೆ ಫೀಲ್ಡ್ ಗೋಲ್, 3 ಅಂಕ. ಚೆಂಡು ಹಿಡಿದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ಪಂದ್ಯ ನಾಲ್ಕು ಭಾಗದ್ದು, ಒಂದೊಂದೂ ಒಂದು ಕ್ವಾರ್ಟರ್. ಇಷ್ಟು ಗೊತ್ತಿದ್ದರೆ ಸಾಕು.

ಆ ದಿನ ಮಿಶಿಗನ್ ದೇಶದಲ್ಲೇ 5ನೇ ರ‍್ಯಾಂಕಿನ ತಂಡ. ಆಪ್ ಸ್ಟೇಟ್ (ಅಪಲೇಚಿಯನ್ ಸ್ಟೇಟ್‌ನ ಚಿಕ್ಕ ಹೆಸರು) ನಾರ್ತ್ ಕ್ಯಾರೊಲಿನಾದ ಬೆಟ್ಟದೂರು ಬೂನ್‌ನಿಂದ ಬಂದದ್ದು, ಒಂದು ಹಂತ ಕೆಳಗಿನ ವಿಭಾಗದ ತಂಡ. ಮೇಲಿನ ವಿಭಾಗದ ಕಾಲೇಜು 85 ಆಟಗಾರರಿಗೆ ಸ್ಕಾಲರ್‌ಶಿಪ್ ಕೊಡಬಹುದಿತ್ತು, ಕೆಳಗಿನ ವಿಭಾಗಕ್ಕೆ 63ರಷ್ಟೇ. ಇಂಥ ಪಂದ್ಯಗಳಿಗೆ ದೊಡ್ಡ ಕಾಲೇಜು ದುಡ್ಡು ಕೊಟ್ಟು ಚಿಕ್ಕ ತಂಡವನ್ನು ಕರೆಸುತ್ತದೆ, ಸುಲಭದ ಒಂದು ಗೆಲುವು ಸಿಗಲಿ ಅಂತ. ಆದರೆ ಈ ಚಿಕ್ಕ ತಂಡ 2005 ಮತ್ತು 2006ರಲ್ಲಿ ತನ್ನ ವಿಭಾಗದ ಚಾಂಪಿಯನ್. ಗೆಲ್ಲೋದು ಅವರಿಗೆ ರೂಢಿಯಾಗಿತ್ತು.

ಮಿಶಿಗನ್‌ಗೆ 5ನೇ ರ‍್ಯಾಂಕ್ ಸಿಕ್ಕಿದ್ದು ಹೇಗೆ? ಕ್ವಾರ್ಟರ್‌ಬ್ಯಾಕ್ ಚಾಡ್ ಹೆನ್ನಿ, ಚೆಂಡು ಹೊತ್ತು ಓಡುವ ಮೈಕ್ ಹಾರ್ಟ್, ಎದುರಾಳಿಯನ್ನು ತಡೆದು ನಿಲ್ಲುವ ಜೇಕ್ ಲಾಂಗ್, ಮೂವರೂ ಕೊನೆಯ ವರ್ಷ ಆಡಲು ಉಳಿದುಕೊಂಡಿದ್ದರು. ಹೆಸರು ನೋಡಿ ಎಲ್ಲರೂ ಖುಷಿಪಟ್ಟರು. ಹೋದವರ ಪಟ್ಟಿಯನ್ನು ಯಾರೂ ಅಷ್ಟು ಗಮನವಿಟ್ಟು ಓದಲಿಲ್ಲ. ಎದುರಾಳಿ ಅಂಕ ಗಳಿಸದಂತೆ ತಡೆಯುವ ಡಿಫೆನ್ಸ್‌ನಿಂದ ಲಿಯಾನ್ ಹಾಲ್, ಲಮಾರ್ ವುಡ್ಲಿ, ಡೇವಿಡ್ ಹ್ಯಾರಿಸ್, ಅಲನ್ ಬ್ರ್ಯಾಂಚ್ ಅದೇ ವರ್ಷ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗಿದ್ದರು. ಆ ಲೀಗ್‌ನ ತಂಡಗಳು ಹೊಸಬರನ್ನು ಆರಿಸುವಾಗ ನಾಲ್ವರೂ ಮೊದಲ ಎರಡು ಸುತ್ತಿನಲ್ಲೇ ಆಯ್ಕೆಯಾದವರು. ತಂಡದ ಬೆನ್ನೆಲುಬೇ ಹೋಗಿತ್ತು ಅನ್ನಬಹುದು.

ಈಗ ವಿಡಿಯೊಗೆ ಬರೋಣ. ಆಪ್ ಸ್ಟೇಟ್ ಆಡಿದ್ದು ಸ್ಪ್ರೆಡ್ ಆಟ. ಆಟಗಾರರನ್ನು ಮೈದಾನದ ಅಗಲಕ್ಕೂ ಹರಡಿ ನಿಲ್ಲಿಸುತ್ತಾರೆ. ಕ್ವಾರ್ಟರ್‌ಬ್ಯಾಕ್ ಅರ್ಮಾಂಟಿ ಎಡ್ವರ್ಡ್ಸ್ ಕೆಲವು ಯಾರ್ಡ್ ಹಿಂದೆ ನಿಂತಿರುತ್ತಾನೆ, ಪಕ್ಕದಲ್ಲಿ ಓಡುವವನೊಬ್ಬ. ಚೆಂಡು ಕೈಗೆ ಬಂದ ಕೂಡಲೇ ಅವನು ನೋಡುವುದು ಒಬ್ಬನನ್ನೇ, ಸಾಲಿನ ತುದಿಯಲ್ಲಿರುವ ಡಿಫೆನ್ಸ್ ಆಟಗಾರನನ್ನು. ಬೇಕಂತಲೇ ಅವನನ್ನು ಯಾರೂ ತಡೆಯುವುದಿಲ್ಲ. ಎಡ್ವರ್ಡ್ಸ್ ಚೆಂಡನ್ನು ಪಕ್ಕದವನ ಹೊಟ್ಟೆಗೆ ಹಿಡಿದು, ಆ ತುದಿಯವನ ಭುಜ ಎತ್ತ ತಿರುಗಿತು ಅಂತ ಕಾಯುತ್ತಾನೆ. ಭುಜ ಒಳಗೆ ತಿರುಗಿದರೆ ಚೆಂಡನ್ನು ಎಳೆದುಕೊಂಡು ತಾನೇ ಹೊರಗೆ ಓಡುತ್ತಾನೆ. ಆ ತುದಿಯವನು ಅಲ್ಲೇ ನಿಂತರೆ ಚೆಂಡು ಪಕ್ಕದವನಿಗೆ. ಆ ಡಿಫೆನ್ಸ್ ಆಟಗಾರ ಏನು ಮಾಡಿದರೂ ತಪ್ಪೇ ಆಗುತ್ತದೆ. ಒಬ್ಬನನ್ನೂ ತಳ್ಳದೆ ಅವನನ್ನು ಆಟದಿಂದ ಹೊರಗಿಟ್ಟ ಹಾಗೆ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಉಳಿದ ಹತ್ತು ಜನ ಬಯಲಲ್ಲಿ ಒಬ್ಬರಿಗೊಬ್ಬರು ಎದುರಾಗಿ ಹಿಡಿದು ಕೆಡವಬೇಕು. ಮಿಶಿಗನ್‌ಗೆ ಆಗದೆ ಹೋದದ್ದು ಅದೇ. ಮೊದಲ ಕ್ವಾರ್ಟರ್‌ನಲ್ಲಿ ಡೆಕ್ಸ್‌ಟರ್ ಜಾಕ್ಸನ್ ಗಳಿಸಿದ 68 ಯಾರ್ಡ್ ಟಚ್‌ಡೌನ್ ನೋಡಿ. ಎಸೆತ ಚಿಕ್ಕದು, ಶಾಲಾ ಹುಡುಗರೂ ಎಸೆಯುವಂಥದ್ದು. ಉಳಿದದ್ದೆಲ್ಲ ಓಟ. ಎರಡನೇ ಕ್ವಾರ್ಟರ್‌ನಲ್ಲಿ ಇನ್ನೂ ಮೂರು ಟಚ್‌ಡೌನ್ ಬಂದವು, ಅರ್ಧ ಆಟಕ್ಕೆ 28-17. ಎಡ್ವರ್ಡ್ಸ್ ಆ ದಿನ 23ರಲ್ಲಿ 17 ಎಸೆತ ಮುಟ್ಟಿಸಿದ. ಇದನ್ನು ಅದೃಷ್ಟ ಅನ್ನುವವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ದ್ವಿತೀಯಾರ್ಧದಲ್ಲಿ ಮಿಶಿಗನ್ ಸುಧಾರಿಸಿತು, ನಿಜ. ಆಪ್ ಸ್ಟೇಟ್‌ಗೆ ಬಿಟ್ಟುಕೊಟ್ಟದ್ದು 6 ಅಂಕ ಮಾತ್ರ. ಗಾಯದಿಂದ ಹೊರಗೆ ಕೂತಿದ್ದ ಹಾರ್ಟ್ ವಾಪಸ್ ಬಂದು 54 ಯಾರ್ಡ್ ಓಡಿ 32-31ರ ಮುನ್ನಡೆ ಕೊಟ್ಟ. ಇಲ್ಲೊಂದು ಲೆಕ್ಕ ಇದೆ. ಅದಕ್ಕೂ ಮೊದಲು, ಮೂರನೇ ಕ್ವಾರ್ಟರ್‌ನಲ್ಲಿ 31-26 ಆದಾಗ ಮಿಶಿಗನ್ 2 ಅಂಕಕ್ಕೆ ಕೈ ಹಾಕಿ ಕಳೆದುಕೊಂಡಿತ್ತು. ಹಾರ್ಟ್ ಓಟದ ಮೇಲೂ ಹಾಗೇ ಆಯಿತು. ಎರಡೂ ಸಲ ಸುಮ್ನೆ ಒದ್ದು 1 ಅಂಕ ತಗೊಂಡಿದ್ದರೆ 34 ಆಗುತ್ತಿತ್ತು. ಎರಡನೆಯ ನಿರ್ಧಾರ ಸರಿಯೇ, 1 ಅಂಕದ ಮುನ್ನಡೆಯನ್ನು 3 ಮಾಡಿಕೊಳ್ಳಲು ಯಾರಾದರೂ ನೋಡುತ್ತಾರೆ. ಆದರೆ ಮೊದಲನೆಯದು ಅವಸರ. ಇಡೀ ಒಂದು ಕ್ವಾರ್ಟರ್ ಬಾಕಿ ಇರುವಾಗ ಕೈಗೆ ಬಂದ ಅಂಕ ಬಿಡಬಾರದಿತ್ತು.

ಆಮೇಲೆ ಮಿಶಿಗನ್‌ನ ಇನ್ನೊಂದು ಫೀಲ್ಡ್ ಗೋಲನ್ನೂ ಆಪ್ ಸ್ಟೇಟ್ ತಡೆಯಿತು. ಹೌದು, ಲಿಂಚ್‌ಗಿಂತ ಮೊದಲೇ ಒಂದು. ಆಗ ಉಳಿದಿದ್ದುದು ಒಂದೂವರೆ ನಿಮಿಷದ ಆಸುಪಾಸು, ಆಪ್ ಸ್ಟೇಟ್ ಕೈಯಲ್ಲಿ ಗಡಿಯಾರ ನಿಲ್ಲಿಸುವ ಟೈಮ್‌ಔಟ್ ಒಂದೂ ಇಲ್ಲ. ಏಳೇ ಯತ್ನದಲ್ಲಿ 69 ಯಾರ್ಡ್ ಬಂದರು. 26 ಸೆಕೆಂಡ್ ಇರುವಾಗ ಜೂಲಿಯನ್ ರೌಚ್ ಒದ್ದ ಫೀಲ್ಡ್ ಗೋಲ್, 34-32. ನನ್ನ ಪ್ರಕಾರ ಪಂದ್ಯ ಹೋದದ್ದು ಈ ಏಳು ಯತ್ನಗಳಲ್ಲಿ.

ಮೊದಲ ಪಂದ್ಯ ಸೋತಾಗ ನಾನು ಎರಡು ಪಟ್ಟಿ ಮಾಡುತ್ತೇನೆ. ಒಂದು, ಮುಂದಿನ ವಾರದ ಅಭ್ಯಾಸದಲ್ಲೇ ಸರಿಹೋಗುವ ತಪ್ಪುಗಳು. ಕಿಕ್‌ಗೆ ಕಾವಲು ಕೊಡದಿರುವುದು ಅಂಥದ್ದು, ಯಾರು ಯಾರನ್ನು ತಡೆಯಬೇಕು ಅಂತ ಮತ್ತೆ ಹೇಳಿಕೊಟ್ಟರೆ ಆಯಿತು. ಇನ್ನೊಂದು, ಆ ಸೀಸನ್ ಪೂರ್ತಿ ಹೋಗದ ಕೊರತೆಗಳು. ಕಾಲಿನ ವೇಗ ವಾರದಲ್ಲಿ ಬರುವುದಿಲ್ಲ ಅಲ್ವಾ? ಅಭಿಮಾನಿಗಳು ಮೊದಲ ಪಟ್ಟಿಯನ್ನೇ ಹಿಡಿದು ಕೂಗಾಡುತ್ತಾರೆ, ಯಾಕಂದರೆ ಕಣ್ಣಿಗೆ ಬೀಳೋದು ಅದೇ.

ಎರಡನೆಯ ಪಟ್ಟಿ ನಿಜ ಅಂತ ಒಂದೇ ವಾರದಲ್ಲಿ ಗೊತ್ತಾಯಿತು. ಸ್ಪ್ರೆಡ್ ಆಡುವ ಒರೆಗಾನ್ ಅದೇ ಸ್ಟೇಡಿಯಂಗೆ ಬಂದು 39-7ರಿಂದ ಗೆದ್ದುಹೋಯಿತು. ಅದರ ಮುಂದಿನ ವಾರ ನೋಟರ್ ಡೇಮ್ ಮೇಲೆ ಮಿಶಿಗನ್ 38-0! ಹಾಗೆ ಸತತ ಎಂಟು ಪಂದ್ಯ ಗೆದ್ದಿತು. ತಂಡ ಕೆಟ್ಟದಾಗಿರಲಿಲ್ಲ, ಒಂದು ಬಗೆಯ ಆಟಕ್ಕೆ ಮಾತ್ರ ಅದರ ಹತ್ತಿರ ಉತ್ತರ ಇರಲಿಲ್ಲ. ಎಚ್ಚರಿಕೆ ಹೊಸದೂ ಅಲ್ಲ. 2000ದಲ್ಲೇ ನಾರ್ತ್‌ವೆಸ್ಟರ್ನ್ ಇದೇ ಸ್ಪ್ರೆಡ್ ಆಡಿ ಮಿಶಿಗನ್ ತಂಡವನ್ನು 54-51ರಿಂದ ಸೋಲಿಸಿತ್ತು.

ನನಗೆ ಜಾಸ್ತಿ ನೋವಾಗುವುದು ಆಮೇಲಿನ ಕಥೆಗೆ. 1997ರಲ್ಲಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿದ್ದ ಕೋಚ್ ಲಾಯ್ಡ್ ಕಾರ್ 2007ರ ಸೀಸನ್ ಮುಗಿಸಿ ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ವೆಸ್ಟ್ ವರ್ಜೀನಿಯಾದ ರಿಚ್ ರಾಡ್ರಿಗೆಸ್. ಸ್ಪ್ರೆಡ್ ಆಟಕ್ಕೆ ದೊಡ್ಡ ಹೆಸರು, ಆಪ್ ಸ್ಟೇಟ್ ಕೋಚ್‌ಗಳೂ ಅವರ ಹತ್ತಿರ ಹೋಗಿ ಕಲಿತವರೇ. ನಮ್ಮನ್ನು ಸೋಲಿಸಿದ ಆಟವನ್ನು ನಾವೇ ಆಡೋಣ ಅನ್ನುವ ಆಸೆ ಅಭಿಮಾನಿಗಳಲ್ಲಿ ಜೋರಾಗಿತ್ತು. ರೋಗ ಡಿಫೆನ್ಸ್‌ನಲ್ಲಿತ್ತು, ಔಷಧಿ ಹಾಕಿದ್ದು ಬೇರೆ ಕಡೆ.

2008ರ ಮೊದಲ ಪಂದ್ಯದಲ್ಲಿ ಯೂಟಾ 25-23ರಿಂದ ಸೋಲಿಸಿತು. ಆ ವರ್ಷ ಒಟ್ಟು 3 ಗೆಲುವು, 9 ಸೋಲು. 2010ಕ್ಕೆ ಬಂದರೆ ಕ್ವಾರ್ಟರ್‌ಬ್ಯಾಕ್ ಡೆನಾರ್ಡ್ ರಾಬಿನ್ಸನ್ ಮಿಂಚಿನ ಹಾಗೆ ಓಡುತ್ತಿದ್ದ, ಅವನ ಆಟ ನೋಡುವುದೇ ಹಬ್ಬ. ಆದರೆ ಡಿಫೆನ್ಸ್ ಪಂದ್ಯಕ್ಕೆ ಸರಾಸರಿ 35 ಅಂಕ ಬಿಟ್ಟುಕೊಡುತ್ತಿತ್ತು. ಮೂರು ವರ್ಷಕ್ಕೆ ರಾಡ್ರಿಗೆಸ್ ಅವರನ್ನು ತೆಗೆದುಹಾಕಿದರು. 2011ರಲ್ಲಿ ಹೊಸ ಕೋಚ್ ಬ್ರೇಡಿ ಹೋಕ್, ಎನ್‌ಎಫ್‌ಎಲ್ ತಂಡ ಬಾಲ್ಟಿಮೋರ್ ರೇವನ್ಸ್‌ನ ಡಿಫೆನ್ಸ್ ನೋಡಿಕೊಳ್ಳುತ್ತಿದ್ದ ಗ್ರೆಗ್ ಮ್ಯಾಟಿಸನ್ ಅವರನ್ನು ಕರೆತಂದರು. ಕ್ವಾರ್ಟರ್‌ಬ್ಯಾಕ್ ಅದೇ ರಾಬಿನ್ಸನ್. ಬಿಟ್ಟುಕೊಟ್ಟ ಅಂಕ ಒಂದೇ ವರ್ಷದಲ್ಲಿ ಅರ್ಧಕ್ಕೆ ಇಳಿಯಿತು. ತಂಡ 11 ಪಂದ್ಯ ಗೆದ್ದು, ಸೀಸನ್ ಕೊನೆಯ ದೊಡ್ಡ ಪಂದ್ಯಗಳಲ್ಲೊಂದಾದ ಶುಗರ್ ಬೌಲ್ ಹೊತ್ತು ತಂದಿತು.