ಪದ ಪರಿಚಯ: ಅಕ್ಷರ ದಾಸೋಹ

ಅಕ್ಷರ ದಾಸೋಹ ಅಂದರೆ ನಮ್ಮ ಶಾಲೆಗಳ ಮಧ್ಯಾಹ್ನದ ಬಿಸಿಯೂಟ ಯೋಜನೆ. ಶಾಲೆಗೆ ಒಂದಷ್ಟು ಸ್ಟೀಲ್ ತಟ್ಟೆ ಕೊಟ್ಟು, ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡು, ಕೆಳಗೆ ‘ಅಕ್ಷರ ದಾಸೋಹಕ್ಕೆ ಮಹಾದಾನ’ ಅಂತ ಬರೆಯೋದು ಈಗ ಮಾಮೂಲಾಗಿದೆ. ತಟ್ಟೆ ಕೊಡಲಿ, ಬೇಡ ಅಂದವರು ಯಾರು? ದಾಸೋಹವನ್ನೂ ದಾನವನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಡಿ, ಅಷ್ಟೇ.

ಸಂಸ್ಕೃತದ ‘ದಾಸಃ’, ‘ಅಹಂ’ ಸೇರಿ ದಾಸೋಹಂ. ನಾನು ದಾಸ ಅಂತ. ಕೊನೆಯ ಸೊನ್ನೆ ಕನ್ನಡದ ಬಾಯಲ್ಲಿ ಉದುರಿಹೋಯಿತು. ‘ಸೋಹಂ’, ಅಂದರೆ ಅವನೇ ನಾನು ಅನ್ನೋ ಮಾತಿಗೆ ಎದುರಾಗಿ ಶರಣರು ಹಿಡಿದ ಮಾತು ಇದು. ದಾನದಲ್ಲಿ ಕೊಡುವವನ ಕೈ ಮೇಲೆ ಇರುತ್ತದೆ, ಪುಣ್ಯವೂ ಅವನ ಖಾತೆಗೇ. ದಾಸೋಹದಲ್ಲಿ ಬಡಿಸುವವನೇ ಆಳು, ಉಣ್ಣುವವನು ಒಡೆಯ, ಅದರಲ್ಲೂ ಸ್ವಂತ ಕಾಯಕದಿಂದ ದುಡಿದದ್ದನ್ನೇ ಬಡಿಸಬೇಕು ಅನ್ನೋದು ಶರಣರ ಷರತ್ತು. ಜಾತ್ರೆ ಬ್ಯಾನರುಗಳಲ್ಲಿ ಅನ್ನದಾನ, ದಾಸೋಹ ಎರಡೂ ಕಲಸಿಹೋಗಿ ಎಷ್ಟೋ ಕಾಲವಾಯಿತು, ಅದನ್ನು ಬಿಡಿ.

‘ಬಿಸಿಯೂಟ’ದ ‘ಬಿಸಿ’ ಕೂಡ ಸುಮ್ನೆ ಬಂದದ್ದಲ್ಲ. 1995ರಲ್ಲಿ ಕೇಂದ್ರದ ಯೋಜನೆ ಶುರುವಾದಾಗ ನಮ್ಮಲ್ಲಿ ಮಕ್ಕಳಿಗೆ ಸಿಗುತ್ತಿದ್ದದ್ದು ತಿಂಗಳಿಗೆ 3 ಕೆಜಿ ಅಕ್ಕಿ. ಅದು ಮನೆಗೆ ಹೋಗಿ ಎಲ್ಲರ ಅನ್ನವಾಗುತ್ತಿತ್ತು. ಬೇಯಿಸಿದ ಊಟವನ್ನೇ ಕೊಡಿ ಅಂತ 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2002ರಲ್ಲಿ ಬೀದರ್, ರಾಯಚೂರು, ಕೊಪ್ಪಳ ಸೇರಿ ಉತ್ತರದ 7 ಜಿಲ್ಲೆಗಳಲ್ಲಿ ಒಲೆ ಹತ್ತಿತು, ಆಮೇಲೆ ಉಳಿದ ಕಡೆ.

ಇನ್ನೊಂದು ತಪ್ಪು, ‘ಬಡ ಮಕ್ಕಳ ಊಟ’ ಅನ್ನೋದು. ಸರ್ಕಾರಿ, ಅನುದಾನಿತ ಶಾಲೆಯಲ್ಲಿ ತಟ್ಟೆ ಹಿಡಿದು ಕೂತ ಹುಡುಗನನ್ನು ರೇಷನ್ ಕಾರ್ಡ್ ಯಾರಾದರೂ ಕೇಳುತ್ತಾರಾ? 2013ರ ಆಹಾರ ಭದ್ರತಾ ಕಾಯ್ದೆ ಪ್ರಕಾರ 8ನೇ ತರಗತಿವರೆಗೆ ಇದು ಮಗುವಿನ ಹಕ್ಕು. ಅಡುಗೆ ಆಗದಿದ್ದರೆ ಬದಲಿಗೆ ಭತ್ಯೆ ಕೊಡಬೇಕು. ತಪ್ಪಿದರೆ ಭತ್ಯೆ ಕಟ್ಟಿಕೊಡಬೇಕಾದ ದಾನ ಎಲ್ಲಾದರೂ ಉಂಟಾ?

ದುಡ್ಡಿನ ವಿಷಯಕ್ಕೆ ಬಂದರೆ, 8ರವರೆಗೆ ಅಕ್ಕಿ ಕೇಂದ್ರದ್ದು, ಅಡುಗೆ ವೆಚ್ಚದಲ್ಲಿ ಕೇಂದ್ರದ್ದು ಶೇ 60, ರಾಜ್ಯದ್ದು ಶೇ 40. 9, 10ನೇ ತರಗತಿಯ ಖರ್ಚು ಪೂರ್ತಿ ರಾಜ್ಯದ್ದೇ. 2025ರ ಮೇ ತಿಂಗಳಿಂದ ಕೇಂದ್ರ ಗೊತ್ತುಮಾಡಿದ ಅಡುಗೆ ವೆಚ್ಚ, ಇಬ್ಬರ ಪಾಲೂ ಸೇರಿ, 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಬೇಳೆ, ತರಕಾರಿ, ಎಣ್ಣೆ, ಗ್ಯಾಸ್ ಎಲ್ಲ ಇದರಲ್ಲೇ. ಟೊಮ್ಯಾಟೊ ರೇಟು ಏರಿದ ವಾರ ಸಾರು ಯಾಕೆ ನೀರಾಗುತ್ತದೆ ಅಂತ ಮುಖ್ಯ ಶಿಕ್ಷಕರನ್ನು ಬಯ್ಯುವ ಮೊದಲು ಈ ಅಂಕಿ ನೋಡಿ. ಇನ್ನು ಅಡುಗೆಯವರದ್ದು. ಕೇಂದ್ರದ ಲೆಕ್ಕದಲ್ಲಿ 2009ರಲ್ಲಿ ನಿಗದಿಯಾದದ್ದು ತಿಂಗಳಿಗೆ 1000 ರೂಪಾಯಿ, ರಾಜ್ಯ ತನ್ನ ಕಡೆಯಿಂದ ಜಾಸ್ತಿ ಸೇರಿಸಿ ಕೊಡುತ್ತದೆ. ಕಾಗದದಲ್ಲಿ ಅದಕ್ಕೆ ಸಂಬಳ ಅಂತ ಹೆಸರಿಲ್ಲ, ‘ಗೌರವಧನ’. ಆ ಪದದ ಬಗ್ಗೆ ಇನ್ನೊಮ್ಮೆ ಜಗಳ ಆಡೋಣ.