ಮುರಿಯೋ ಕೀ ಮುರಿಯಲಿ, ಬಿಡಿ

ದುಬಾರಿ ಲಾನ್ ಮೋವರ್ (ಹುಲ್ಲು ಕತ್ತರಿಸುವ ಮೆಷಿನ್) ರಿಪೇರಿಗೆ ತರುವವರು ಮೊದಲು ಹೇಳೋದು, "ಇಷ್ಟು ದುಡ್ಡು ಕೊಟ್ಟಿದ್ದೀನಿ, ಇಷ್ಟು ಬೇಗ ಕೆಟ್ಟಿತಲ್ಲ!" ಆ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ: "ಈ ಸಲ ಮುರಿಯದೇ ಇರೋ ಗಟ್ಟಿ ಕೀ ಹಾಕ್ಬಿಡಿ." ಇದಕ್ಕೆ ಮಾತ್ರ ನಾನು ಒಪ್ಪುವುದಿಲ್ಲ. ಕೀ ಅಂದರೆ ಇಲ್ಲಿ ಬೀಗದ ಕೀ ಅಲ್ಲ, ಇಂಜಿನ್‌ನ ಎರಡು ಭಾಗಗಳ ನಡುವೆ ಕೂರಿಸುವ ಚಿಕ್ಕ ಲೋಹದ ತುಂಡು.

ತಳ್ಳಿಕೊಂಡು ಹೋಗುವ ಪೆಟ್ರೋಲ್ ಮೋವರ್‌ಗಳಲ್ಲಿ ಸಾಮಾನ್ಯವಾಗಿ ಇಂಜಿನ್ ತಿರುಗಿಸುವ ದಂಡದ, ಅಂದರೆ ಕ್ರ್ಯಾಂಕ್‌ಶಾಫ್ಟಿನ ಕೆಳಗಡೆ ಬ್ಲೇಡ್, ಮೇಲುಗಡೆ ಫ್ಲೈವೀಲ್ ಅನ್ನೋ ಚಕ್ರ ಇರುತ್ತದೆ. ಬ್ಲೇಡ್ ಕಲ್ಲಿಗೋ ಬೇರಿಗೋ ಬಡಿದರೆ ಶಾಫ್ಟ್ ತಟ್ಟನೆ ನಿಲ್ಲುತ್ತದೆ. ಭಾರದ ಫ್ಲೈವೀಲ್ ನಿಲ್ಲುವುದಿಲ್ಲ, ಅದೇ ವೇಗದಲ್ಲಿ ತಿರುಗಲು ನೋಡುತ್ತದೆ. ನಡುವೆ ಸಿಕ್ಕಿಕೊಳ್ಳೋದು ಬೆರಳಿನ ಉಗುರಿನಷ್ಟು ಚಿಕ್ಕ ಕೀ. ಎಷ್ಟೋ ಇಂಜಿನ್‌ಗಳಲ್ಲಿ ಇದನ್ನು ಬೇಕೆಂದೇ ಮೆತ್ತನೆಯ ಲೋಹದಲ್ಲಿ ಮಾಡಿರುತ್ತಾರೆ, ಪೆಟ್ಟು ಬಿದ್ದರೆ ಶಾಫ್ಟಿನ ಬದಲು ಇದೇ ಮುರಿಯಲಿ ಅಂತ. ಕೀ ಕತ್ತರಿಸಿಹೋದರೆ ಫ್ಲೈವೀಲ್ ಸ್ವಲ್ಪ ಜರುಗುತ್ತದೆ, ಕಿಡಿ ತಪ್ಪು ಹೊತ್ತಿನಲ್ಲಿ ಹಾರುತ್ತದೆ. ಇಂಜಿನ್ ಸ್ಟಾರ್ಟ್ ಆಗುವುದಿಲ್ಲ, ಇಲ್ಲವೇ ಎಳೆದ ಹಗ್ಗವನ್ನೇ ಕೈಯಿಂದ ಕಿತ್ತುಕೊಳ್ಳುತ್ತದೆ. ಜನ ಇದನ್ನು ಬಿಟ್ಟು ಪ್ಲಗ್ ಬದಲಿಸುತ್ತಾರೆ, ಕಾರ್ಬೊರೇಟರ್ ಬಿಚ್ಚುತ್ತಾರೆ. ಸುಮ್ನೆ ಖರ್ಚು.

ಒಮ್ಮೆ ಹಿರಿಯರೊಬ್ಬರು ಒಳ್ಳೆಯ ಮೋವರ್ ತಂದಿದ್ದರು. ಡೆಕ್ (ಬ್ಲೇಡ್ ಮುಚ್ಚುವ ಕವಚ) ಒರೆಸಿ ಫಳಫಳ ಅನ್ನುವಂತೆ ಇಟ್ಟಿದ್ದರು, ಆಯಿಲೂ ಹೊಸದು. ಫ್ಲೈವೀಲ್ ಎತ್ತಿದರೆ ಒಳಗೆ ಕೀ ಜಾಗದಲ್ಲಿ ಅರದಲ್ಲಿ ಉಜ್ಜಿದ ಉಕ್ಕಿನ ತುಂಡು! ಕೀಗೆ ಏನೂ ಆಗಿರಲಿಲ್ಲ, ಶಾಫ್ಟಿನಲ್ಲಿ ಕೀ ಕೂರುವ ಕಚ್ಚು ಮಾತ್ರ ಕಿತ್ತು ಅಗಲವಾಗಿತ್ತು. ಕ್ರ್ಯಾಂಕ್‌ಶಾಫ್ಟ್ ಬದಲಿಸಬೇಕಾದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಕೂಲಿಯೂ ಸೇರಿದರೆ ಹೊಸ ಇಂಜಿನ್ ಹಾಕೋದೇ ವಾಸಿ ಅನ್ನುವ ಸ್ಥಿತಿ. ಅಷ್ಟು ಅಕ್ಕರೆಯಿಂದ ಸಾಕಿದ ಮೆಷಿನ್, ಬೇಜಾರಾಯಿತು.

ಇನ್ನೊಂದು ವಿಷಯ, ಇದನ್ನು ಮೆಕ್ಯಾನಿಕ್‌ಗಳೇ ಮರೆಯುತ್ತಾರೆ. ಫ್ಲೈವೀಲನ್ನು ಹಿಡಿದಿಡುವುದು ಕೀ ಅಲ್ಲ, ಶಾಫ್ಟಿನ ಟೇಪರ್ (ಮೊನಚಾಗುತ್ತಾ ಹೋಗುವ ತುದಿ) ಮತ್ತು ಮೇಲಿನ ನಟ್. ಕೀ ಇರೋದು ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಸರಿ ಕೂರಿಸಲು. ನಟ್ ಸಡಿಲವಾಗಿದ್ದರೆ ಕಲ್ಲು ಬಡಿಯದೆಯೂ ಕೀ ಮುರಿಯಬಹುದು. ಟಾರ್ಕ್ ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಸ್ಪ್ಯಾನರ್) ಇಲ್ಲದೆ ಅಂದಾಜಿನಲ್ಲಿ ಬಿಗಿಯಬೇಡಿ. ಟೇಪರ್ ಮೇಲೆ ಎಣ್ಣೆ ಇರಬಾರದು.

ಹೊಸ ಕೀ ಹಾಕಿದ ಮಾತ್ರಕ್ಕೆ ಎಲ್ಲ ಸರಿಹೋಯಿತು ಅಂತ ನಾನು ಹೇಳಲಾರೆ. ಪೆಟ್ಟು ಜೋರಾಗಿದ್ದರೆ ಕೀ ಮುರಿದೂ ಶಾಫ್ಟ್ ಬಾಗಿರಬಹುದು. ಮೆಷಿನ್ ನಡುಗುತ್ತಿದ್ದರೆ ತಕ್ಷಣ ಆಫ್ ಮಾಡಿ. ಪ್ಲಗ್ ವೈರ್ ತೆಗೆಯದೆ ಬ್ಲೇಡಿನ ಹತ್ತಿರ ಕೈ ಹಾಕಲೇಬೇಡಿ.

ಹಾಗಾದರೆ ಜಾಸ್ತಿ ಬೆಲೆ ಯಾತಕ್ಕೆ, ಅಲ್ವಾ? ಗಟ್ಟಿ ಡೆಕ್, ಬಾಲ್ ಬೇರಿಂಗ್ ಚಕ್ರ, ಎರಕದ ಕಬ್ಬಿಣದ ಸ್ಲೀವ್ (ಒಳಕೊಳವೆ) ಇರುವ ಸಿಲಿಂಡರ್, ಇಂಥವಕ್ಕೆ. ಬ್ಲೇಡ್, ಬೆಲ್ಟ್, ಕೇಬಲ್, ಕೀ ಯಾವ ಮೆಷಿನ್‌ನಲ್ಲೂ ಸವೆಯುತ್ತವೆ. ಅದಕ್ಕೇ ಕೊಳ್ಳುವಾಗ ಈ ಬಿಡಿಭಾಗಗಳು ಎಲ್ಲಿ, ಎಷ್ಟಕ್ಕೆ ಸಿಗುತ್ತವೆ ಅಂತ ಕೇಳಿ. ಕೀ ತರಲು ಹೋಗುವಾಗ ಇಂಜಿನ್ ಮೇಲೆ ಒತ್ತಿರುವ ಮಾಡೆಲ್ ನಂಬರ್ ಬರೆದುಕೊಂಡು ಹೋಗಿ. ಕೆಲವು ಇಂಜಿನ್‌ಗಳಿಗೆ ಕಂಪನಿಯೇ ಉಕ್ಕಿನ ಕೀ ಕೊಟ್ಟಿರುತ್ತದೆ. ಅಂಥದ್ದಕ್ಕೆ ಅದನ್ನೇ ಹಾಕಬೇಕು.